ಕಸದ ರಸಕ್ಕೆ ಜೊಂಡಿನ ಮಡಿ: ಮೂರನೇ ಸಲಕ್ಕೆ ಕೈಹಿಡಿಯಿತು

ನಮ್ಮೂರ ಕಸದ ಗುಡ್ಡೆಯಿಂದ ಒಸರುವ ಕೊಳೆ ರಸದಲ್ಲಿ (ಲೀಚೇಟ್) ಅಮೋನಿಯಾ ಲೀಟರಿಗೆ 800 ಮಿಲಿಗ್ರಾಂ ಹತ್ತಿರ ಇತ್ತು. ಈಗ ಜಲ್ಲಿ ತುಂಬಿ ಜೊಂಡು ನೆಟ್ಟ ಮಡಿ ದಾಟಿ ಹೊರಗೆ ಬರುವಾಗ 40ರ ಆಸುಪಾಸು. 2016ರ ಘನತ್ಯಾಜ್ಯ ನಿಯಮದಲ್ಲಿ ಹಳ್ಳಕ್ಕೆ ಬಿಡಲು ಇದ್ದ ಮಿತಿ 50. "ಹುಲ್ಲು ನೆಟ್ಟರೆ ಇದೆಲ್ಲ ಆಗುತ್ತಾ?" ಅಂದವರಿಗೆ ರಿಪೋರ್ಟನ್ನೇ ಕೈಗೆ ಕೊಟ್ಟೆ.

ನಮ್ಮದು ಮಲೆನಾಡಿನ ಅಂಚಿನ ಸಣ್ಣ ಊರು. ಕಸದ ಗುಡ್ಡೆಗೆ ಹದಿನೈದು ವರ್ಷ ಆಗಿರಬಹುದು. ಬೇಸಿಗೆಯಲ್ಲಿ ದಿನಕ್ಕೆ 2 ಸಾವಿರ ಲೀಟರ್ ರಸ, ಮಳೆಗಾಲದಲ್ಲಿ ಲೆಕ್ಕಕ್ಕೇ ಸಿಗಲ್ಲ. ಹಾಗಾಗಿ ಮೊದಲು ಗುಡ್ಡೆಗೆ ಮಣ್ಣು ಹೊದಿಸಿ, ಸುತ್ತ ಕಾಲುವೆ ತೋಡಿ ಮಳೆನೀರನ್ನು ಬೇರೆ ಮಾಡಿದೆವು.

ಮೊದಲ ವರ್ಷ ಒಂದೇ ಅಡ್ಡ ಹರಿವಿನ ಮಡಿ ಮಾಡಿ, ರಸವನ್ನು ಹಾಗೇ ಬಿಟ್ಟೆ. ಇಪ್ಪತ್ತು ದಿನಕ್ಕೆ ಜೊಂಡಿನ ತುದಿ ಹಳದಿಯಾಯಿತು, ತಿಂಗಳಿಗೆ ಪೂರ್ತಿ ಒಣಗಿತು. ಒಂದು ಗಿಡ ಕಿತ್ತು ನೋಡಿದರೆ ಬೇರುಗಳೆಲ್ಲ ಕಪ್ಪು, ಕೊಳೆತ ಮೊಟ್ಟೆಯ ನಾತ. ಕೈಯಿಂದ ಹಾಕಿದ ಒಂದೂವರೆ ಲಕ್ಷ ಹೋಯಿತು. ಎರಡನೇ ವರ್ಷ ಮೇಲಿಂದ ಇಳಿಯುವ ಮಡಿ ಮಾಡಿದೆ. ಜಲ್ಲಿ ತೊಳೆಯದೆ ಹಾಕಿಬಿಟ್ಟಿದ್ದೆ. ಜಲ್ಲಿಯ ಪುಡಿಯ ಜೊತೆ ರಸದ ಕಬ್ಬಿಣದಂಶ ಕೆಂಪು ಲೋಳೆಯಾಗಿ ಸೇರಿ ಮಡಿ ಕಟ್ಟಿಕೊಂಡಿತು. ಎಲ್ಲ ಅಗೆದು, ತೊಳೆದು, ಮತ್ತೆ ತುಂಬಲು ಕೂಲಿಯೇ 60 ಸಾವಿರ ಆಯಿತು.

ಮೂರನೇ ಸಲ ಎರಡು ಬದಲಾವಣೆ ಮಾಡಿದೆ. ಹೊರಗೆ ಬಂದ ನೀರನ್ನೇ ಮೂರು ಪಾಲು ಹಿಂದಕ್ಕೆ ತಂದು ಒಂದು ಪಾಲು ರಸಕ್ಕೆ ಬೆರೆಸಿದೆ. ಜೊಂಡಿಗೆ ತಡೆದುಕೊಳ್ಳಲು ಆಯಿತು. ಪಂಪನ್ನು ಸದಾ ಓಡಿಸದೆ ಟೈಮರ್ ಹಾಕಿ ಬಿಟ್ಟು ಬಿಟ್ಟು ಹಾಯಿಸಿದೆ. ನಡುವೆ ಮಡಿ ಬರಿದಾದಾಗ ಗಾಳಿ ಒಳಗಿಳಿಯುತ್ತದೆ. ಆ ಗಾಳಿ ಸಿಕ್ಕರೆ ಮಡಿಯ ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಾ ಇಳಿದದ್ದು ಅದರಿಂದಲೇ. ಎಷ್ಟು ನಿಮಿಷ, ಎಷ್ಟು ಬಿಡುವು ಅನ್ನೋದನ್ನು ಇಲ್ಲಿ ಬರೆಯಲ್ಲ, ಎರಡು ವರ್ಷ ಕೂತು ಹಿಡಿದ ಲೆಕ್ಕ ಅದು. ಸುಮಾರು ಮೂರು ಗುಂಟೆ ಮಡಿ. ರಸ ನೆಲಕ್ಕೆ ಇಳಿಯದಂತೆ ತಳಕ್ಕೆ ಹಾಸುವ ಲೈನರ್, ಜಲ್ಲಿ, ಪಂಪ್ ಸೇರಿ ಏಳು ಲಕ್ಷದ ಒಳಗೆ ಮುಗಿಯಿತು. ಮೆಷಿನ್ ಹಾಕಿ ಅಂದವರು ಹೇಳಿದ್ದು ಅರ್ಧ ಕೋಟಿ.

ಅಮೋನಿಯಾ ನೈಟ್ರೇಟ್ ಆಯಿತು, ಅದನ್ನು ಕಳೆಯಬೇಕಲ್ವಾ? ನೈಟ್ರೇಟ್ ಕಳೆಯುವ ಸೂಕ್ಷ್ಮಾಣುಗಳಿಗೆ ಆಹಾರ ಆಗಲಿ ಅಂತ, ಮೊದಲ ವರ್ಷದ ಅಡ್ಡ ಮಡಿಗೆ ಜೋನಿ ಬೆಲ್ಲ ಕರಗಿಸಿ ಬಿಟ್ಟು ನೋಡಿದೆ. ನೈಟ್ರೇಟ್ ಚೆನ್ನಾಗಿ ಇಳಿಯಿತು, ಬೆಲ್ಲದ ಖರ್ಚು ಏರಿತು. ಈಗ ಹಣ್ಣಿನಂಗಡಿಯ ಕೊಳೆತ ಹಣ್ಣು ಹಿಂಡಿದ ನೀರು ಬಳಸುತ್ತೇನೆ. ಸುಮ್ನೆ ಒಂದು ಮೂಲೆಯಲ್ಲಿ ಲಾವಂಚ, ಇನ್ನೊಂದರಲ್ಲಿ ಕಾಬಾಳೆ (ಕ್ಯಾನಾ ಹೂವಿನ ಗಿಡ) ನೆಟ್ಟಿದ್ದೆ. ಲಾವಂಚ ಬದುಕಿತು, ನಿಧಾನ. ಕಾಬಾಳೆ ಜೊಂಡಿಗಿಂತ ಜಾಸ್ತಿ ಹಬ್ಬಿತು. ಜಲ್ಲಿಯ ಬದಲು ಹಾಕಿದ ಒಡೆದ ಹೆಂಚು ಒಂದೇ ಮಳೆಗಾಲಕ್ಕೆ ಪುಡಿಯಾಯಿತು.

ಕಂದು ಬಣ್ಣ ಪೂರ್ತಿ ಹೋಗಿಲ್ಲ. ಸಿಒಡಿ, ಅಂದರೆ ನೀರಿನ ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ಬೇಕಾಗುವ ಆಮ್ಲಜನಕದ ಅಳತೆ, ಇನ್ನೂ 400ರ ಹತ್ತಿರ ನಿಂತಿದೆ, 2016ರ ನಿಯಮದಲ್ಲಿ ಇದ್ದ ಮಿತಿ 250. ಅದಕ್ಕೇ ಹಳ್ಳಕ್ಕೆ ಒಂದು ಹನಿಯೂ ಬಿಡುತ್ತಿಲ್ಲ, ಅಲ್ಲೇ ಕಾಂಪೋಸ್ಟ್ ರಾಶಿಗೆ ಚಿಮುಕಿಸುತ್ತೇವೆ. ಕೊನೆಯಲ್ಲಿ ತೆಂಗಿನ ಚಿಪ್ಪಿನ ಇದ್ದಿಲಿನ ಗುಂಡಿ ತೋಡಿದ್ದೇನೆ. ಮುಂದಿನ ವಾರ ನೀರು ಹಾಯಿಸುತ್ತೇನೆ.