ಹಳೆಯ ಲೆನ್ಸ್, ಹೊಸ ಲೆನ್ಸ್: ಒಂದೇ ರೋಲಿನಲ್ಲಿ ಹೋಲಿಸುವುದು ಹೇಗೆ?

ಲೈಕಾ ಎಂ2 ಅಥವಾ ಎಂ6 ಥರದ ಫಿಲ್ಮ್ ಕ್ಯಾಮೆರಾಕ್ಕೆ ಪುಟ್ಟದೊಂದು 35 ಎಂಎಂ ಲೆನ್ಸ್ ಬೇಕೇ? ಹಳೆಯದರಲ್ಲಿ 1940ರ ದಶಕದಲ್ಲಿ ಬಂದ, ಲೈಕಾ ತಯಾರಿಸಿದ ಲೈಟ್ಸ್ ಕಂಪನಿಯದೇ ಸುಮರಾನ್ ಎಫ್/3.5 ಇದೆ. ಹೊಸ ಕಾಲದ್ದರಲ್ಲಿ ಜಪಾನಿನ ಕೊಸಿನಾ ಕಂಪನಿಯ ಫೋಕ್ಟ್‌ಲೆಂಡರ್ ಕಲರ್ ಸ್ಕೋಪಾರ್ ಎಫ್/2.5 ಇದೆ. ಎರಡೂ ಅಂಗೈಯಲ್ಲಿ ಅಡಗುತ್ತವೆ. ಯಾವುದು ನಿಮಗೆ ಸರಿ ಎಂದು ಒಂದೇ ರೋಲಿನಲ್ಲಿ ತಿಳಿದುಕೊಳ್ಳಬಹುದು.

ಮೊದಲು ಹಳೆಯ ಲೆನ್ಸನ್ನು ಪರೀಕ್ಷಿಸಿ. ಅಪರ್ಚರ್ (ಬೆಳಕು ಒಳಬಿಡುವ ರಂಧ್ರ; ಎಫ್/ ಮುಂದಿನ ಅಂಕಿ ಚಿಕ್ಕದಾದಷ್ಟೂ ಇದು ದೊಡ್ಡದು) ಪೂರ್ತಿ ತೆರೆಯಿರಿ. ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಗಾಜಿನ ಒಳಗೆ ಮಬ್ಬು ಪದರ ಕಂಡರೆ ಅದು ಹೇಜ್. ಕವಲೊಡೆದ ಸಣ್ಣ ಎಳೆಗಳು ಕಂಡರೆ ಫಂಗಸ್. ಮಲೆನಾಡಿನ, ಕರಾವಳಿಯ ಮಳೆಗಾಲ ಕಂಡ ಲೆನ್ಸ್ ಆದರೆ ಇನ್ನೂ ಜಾಸ್ತಿ ಹುಷಾರಾಗಿರಿ, ಫಂಗಸ್ ಗಾಜಿನ ಮೇಲಿನ ತೆಳು ಲೇಪವಾದ ಕೋಟಿಂಗನ್ನೇ ತಿಂದುಬಿಡುತ್ತದೆ. ಆ ಕಾಲದ ಕೋಟಿಂಗ್ ಮೆದು, ಹಾಗಾಗಿ ಒರೆಸಿ ಒರೆಸಿ ಬಿದ್ದ ಗೀರುಗಳೂ ಸಾಮಾನ್ಯ. ಹೇಜ್ ತೆಗೆಸದೆ ಹೋಲಿಕೆಗೆ ಇಳಿಯಬೇಡಿ, ಅದು ಹಳೆಯ ಲೆನ್ಸಿಗೆ ಮಾಡುವ ಅನ್ಯಾಯ.

ಸ್ಕ್ರೂ ಮೌಂಟ್ (ತಿರುಪಿ ಕೂರಿಸುವ) ಸುಮರಾನ್ ಆದರೆ ಅದನ್ನು ಲೈಕಾ ಎಂ ಕ್ಯಾಮೆರಾಕ್ಕೆ ಜೋಡಿಸಲು ಎಂ ಅಡಾಪ್ಟರ್ ಬೇಕು. ವ್ಯೂಫೈಂಡರಿನಲ್ಲಿ 35 ಎಂಎಂ ಚೌಕಟ್ಟು ತೋರಿಸುವ ಅಡಾಪ್ಟರನ್ನೇ ಕೇಳಿ ಪಡೆಯಿರಿ.

ಈಗ ರೋಲ್ ಹಾಕಿ. ಐಎಸ್‌ಒ 400ರ ಕಪ್ಪು-ಬಿಳುಪು ಫಿಲ್ಮ್ ಸಾಕು. ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ. ಪ್ರತಿ ದೃಶ್ಯವನ್ನೂ ಎರಡೂ ಲೆನ್ಸಿನಲ್ಲಿ ಒಂದೇ ಎಕ್ಸ್‌ಪೋಷರಿನಲ್ಲಿ (ಅದೇ ಅಪರ್ಚರ್, ಅದೇ ಶಟರ್ ವೇಗ) ತೆಗೆಯಿರಿ. ಯಾವ ಫ್ರೇಮಿಗೆ ಯಾವ ಲೆನ್ಸ್ ಎಂದು ಆಗಲೇ ಬರೆದಿಡಿ. ಇಟ್ಟಿಗೆ ಗೋಡೆಯನ್ನು ಎಫ್/3.5ರಲ್ಲೊಮ್ಮೆ, ಎಫ್/8ರಲ್ಲೊಮ್ಮೆ ತೆಗೆಯಿರಿ. ಸೂರ್ಯನಿಗೆ ಎದುರಾಗಿ ಒಂದು ಮರ ಇರಲಿ. ನಡುಮಧ್ಯಾಹ್ನದ ಬಿಸಿಲಲ್ಲಿ ಅರ್ಧ ನೆರಳಿರುವ ಜಗಲಿಯನ್ನು ಮಾತ್ರ ಮರೆಯಬೇಡಿ. ಒಂದು ಮೀಟರ್ ದೂರದಲ್ಲಿ ಒಂದು ಮುಖವೂ ಇರಲಿ. ಸ್ಕ್ರೂ ಮೌಂಟ್ ಸುಮರಾನ್ ಅದಕ್ಕಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಸ್ಕೋಪಾರಿನ ಎಂ ಮೌಂಟ್ ಮಾದರಿ 0.7 ಮೀಟರ್ ತನಕ ಬರುತ್ತದೆ.

ಸ್ಕ್ಯಾನ್ ಮಾಡಿಸುವಾಗ ಆಟೊ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರವನ್ನು ಯಂತ್ರವೇ ಹೊಂದಿಸುವುದು) ಬೇಡ ಎಂದು ಲ್ಯಾಬಿನವರಿಗೆ ಹೇಳಿ. ಇಲ್ಲದಿದ್ದರೆ ನೀವು ಹುಡುಕುತ್ತಿರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಎಫ್/8ರ ಗೋಡೆಯಲ್ಲಿ ಹೆಚ್ಚು ವ್ಯತ್ಯಾಸ ಸಿಗುವುದಿಲ್ಲ, ಫಿಲ್ಮಿನ ಗ್ರೇನ್ (ಸಣ್ಣ ಕಾಳುಗಳಂಥ ಚುಕ್ಕೆಗಳು) ಅದನ್ನು ನುಂಗುತ್ತದೆ. ಎಫ್/3.5ರಲ್ಲಿ ಮೂಲೆಗಳನ್ನು ನೋಡಿ, ಸ್ಕೋಪಾರ್ ಅಲ್ಲಿ ಮುಂದು. ಎದುರು ಬೆಳಕಿನಲ್ಲೂ ಅದರ ಮಲ್ಟಿ ಕೋಟಿಂಗ್ (ಹಲವು ಪದರದ ಲೇಪ) ಗೆಲ್ಲುತ್ತದೆ. ಜಗಲಿಯ ಚಿತ್ರದಲ್ಲಿ ಮಾತ್ರ ನನ್ನ ಮತ ಸುಮರಾನಿಗೆ. ಅದರ ಕಾಂಟ್ರಾಸ್ಟ್ ಕಡಿಮೆ. ಒಳಗೆ ಚದುರಿದ ಬೆಳಕು ನೆರಳಿನ ಮೇಲೂ ಸ್ವಲ್ಪ ಬೀಳುವುದರಿಂದ ಕಪ್ಪು ಅಷ್ಟು ಗಾಢವಾಗಿ ಬರುವುದಿಲ್ಲ. ಸುಡುಬಿಸಿಲಿನಲ್ಲಿ ಇದು ದೊಡ್ಡ ಉಪಕಾರ, ಅಲ್ವಾ?

ಸಂಜೆ ಹೊತ್ತು ಜಾಸ್ತಿ ತೆಗೆಯುವವರು ಸ್ಕೋಪಾರನ್ನೇ ಕೊಳ್ಳಿ. ಅಪರ್ಚರ್ ಪೂರ್ತಿ ತೆರೆದಾಗ ಅದಕ್ಕೆ ಸುಮಾರು ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಸಿಗುತ್ತದೆ: ಸುಮರಾನ್ 1/30 ಸೆಕೆಂಡ್ ಕೇಳುವ ಕಡೆ ಇದಕ್ಕೆ 1/60 ಸಾಕು.