ಡೆವಿಲ್ ಮೇ ಕ್ರೈ 5 ಮುಗಿಸಿದ್ರಾ? ಮುಂದೆ ಹೀಗೆ ಮಾಡಿ

ಮೊದಲನೆಯದಾಗಿ, ರಾಕ್ಷಸರ ಜೊತೆ ಹೋರಾಡುವ ಈ ವಿಡಿಯೋ ಗೇಮನ್ನು ಡಿಲೀಟ್ ಮಾಡಬೇಡಿ. 20 ಮಿಷನ್ ಮುಗಿದಾಗ ಕಥೆ ಮುಗಿದಿರುತ್ತದೆ, ಅಷ್ಟೇ. ಸರಣಿಯ ನಾಯಕ ಡಾಂಟೆ ನಮ್ಮ ಕೈಗೆ ಸಿಗುವುದೇ 10ನೇ ಮಿಷನ್‌ನಲ್ಲಿ. ಅವನ ನಾಲ್ಕು ಸ್ಟೈಲ್ (ಹೋರಾಟದ ಶೈಲಿಗಳು) ಬೆರಳಿಗೆ ಹತ್ತುವಷ್ಟರಲ್ಲಿ ಕೊನೆಯ ಹೋರಾಟ ಬಂದುಬಿಡುತ್ತದೆ.

ಡೆವಿಲ್ ಹಂಟರ್ ಮಟ್ಟದಲ್ಲಿ ಮುಗಿಸಿದ್ದರೆ ಅದಕ್ಕಿಂತ ಕಠಿಣವಾದ ಸನ್ ಆಫ್ ಸ್ಪಾರ್ಡಾ ಮಟ್ಟ ತೆರೆದಿರುತ್ತದೆ. ಅದನ್ನೇ ಶುರು ಮಾಡಿ. ನೀವು ಕೊಂಡ ಸ್ಕಿಲ್‌ಗಳೆಲ್ಲ ಜೊತೆಗೇ ಬರುತ್ತವೆ. ಶತ್ರುಗಳ ಜೋಡಣೆ ಮಾತ್ರ ಬದಲಾಗಿರುತ್ತದೆ, ಹಾಗಾಗಿ ಹಳೆಯ ಬೀದಿಯೂ ಹೊಸದಾಗಿ ಕಾಣುತ್ತದೆ. ಇನ್ನೊಬ್ಬ ನಾಯಕ ನೀರೋಗೆ ಕೊನೆಯಲ್ಲಿ ಸಿಕ್ಕ ಡೆವಿಲ್ ಟ್ರಿಗರ್ (ರಾಕ್ಷಸ ರೂಪ ತಾಳುವ ಶಕ್ತಿ) ಈಗ ಮೊದಲ ಮಿಷನ್‌ನಿಂದಲೇ ಇರುತ್ತದೆ!

ಏಟುಗಳನ್ನು ತಾನೇ ಜೋಡಿಸಿಕೊಡುವ ಆಟೋ ಅಸಿಸ್ಟ್ ಆನ್ ಇದ್ದರೆ ಆಫ್ ಮಾಡಿ. ಆಮೇಲೆ ವಾಯ್ಡ್ ಎಂಬ ತರಬೇತಿ ಜಾಗಕ್ಕೆ ಹೋಗಿ, ಒಂದು ಸಲಕ್ಕೆ ಒಂದೇ ವಿದ್ಯೆ ಹಿಡಿಯಿರಿ. ನನ್ನ ಸಲಹೆ, ನೀರೋನ ಎಕ್ಸೀಡ್‌ನಿಂದ ಶುರು ಮಾಡುವುದು. ಕತ್ತಿಯ ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಎಕ್ಸೀಡ್ ಬಟನ್ ಒತ್ತಿದರೆ ಕತ್ತಿಗೆ ಕಿಚ್ಚು ಏರುತ್ತದೆ, ಮುಂದಿನ ಏಟು ಜೋರಾಗುತ್ತದೆ. ಒಮ್ಮೆ ಆ ಲಯ ಸಿಕ್ಕಿದರೆ ತಾಳ ಹಾಕಿದ ಹಾಗೆ, ಬಟನ್ ಬಗ್ಗೆ ಯೋಚನೆಯೇ ಬರುವುದಿಲ್ಲ. ನಂತರ ಡಾಂಟೆಯ ರಾಯಲ್‌ಗಾರ್ಡ್. ಏಟು ಬಂದಾಗ ಓಡುವ ಬದಲು ನಿಂತು ತಡೆಯುವುದನ್ನು ಅದು ಕಲಿಸುತ್ತದೆ.

ಒಂದೇ ಏಟನ್ನು ಸುಮ್ನೆ ಮತ್ತೆ ಮತ್ತೆ ಹೊಡೆದರೆ, ಹೋರಾಟದ ಸೊಗಸಿಗೆ ಆಟ ಕೊಡುವ ರ‍್ಯಾಂಕ್ ಏರುವುದಿಲ್ಲ. ಬದಲಾಯಿಸುತ್ತಾ ಹೊಡೆಯಿರಿ, ಕಿವಿ ತೆರೆದಿಡಿ. ರ‍್ಯಾಂಕ್ ಎಸ್ ಮುಟ್ಟಿದಾಗ ಹಾಡಿನ ಪಲ್ಲವಿ ಸಿಡಿಯುತ್ತದೆ. ಆಟಗಾರನ ಕೈಯನ್ನು ಇಷ್ಟು ಚೆನ್ನಾಗಿ ಮೆಚ್ಚುವ ಇನ್ನೊಂದು ಆಟ ನನಗೆ ಗೊತ್ತಿಲ್ಲ. ಇಷ್ಟು ಕೈಗೆ ಬಂದ ಮೇಲೆ ಪ್ರತಿ ಅಂತಸ್ತಿನಲ್ಲೂ ಶತ್ರುಗಳಿರುವ 101 ಅಂತಸ್ತಿನ ಬ್ಲಡಿ ಪ್ಯಾಲೇಸ್ ಹತ್ತಿ.

ಇನ್ನು ಸರಣಿಯ ಮುಂದಿನ ದಾರಿ. ನಿರ್ದೇಶಕ ಹಿಡೆಯಾಕಿ ಇಟ್ಸುನೊ 2024ರಲ್ಲಿ ಈ ಆಟ ತಯಾರಿಸುವ ಕಂಪನಿ ಕ್ಯಾಪ್ಕಾಮ್ ಬಿಟ್ಟರು. ಓದಿದಾಗ ನನಗೂ ನೋವಾಯಿತು. ಆದರೆ ಈ ಸರಣಿ ಕೈ ಬದಲಾಯಿಸಿದ್ದು ಇದೇ ಮೊದಲಲ್ಲ. 2001ರ ಮೊದಲ ಆಟ ಹಿಡೆಕಿ ಕಮಿಯಾ ಅವರದು. ಅದೂ ಕ್ಯಾಪ್ಕಾಮ್‌ನದೇ ಭಯಾನಕ ಆಟ ರೆಸಿಡೆಂಟ್ ಈವಿಲ್ 4 ಮಾಡಲು ಹೊರಟಾಗ ಹುಟ್ಟಿದ ಆಟ. ಎರಡನೆಯದು ಸಪ್ಪೆಯಾಗಿತ್ತು. 2005ರಲ್ಲಿ ಇಟ್ಸುನೊ ಮೂರನೆಯದನ್ನು ಕೊಟ್ಟಾಗ ಸರಣಿಗೆ ಜೀವ ಬಂತು. 4ನೆಯದಕ್ಕೂ 5ನೆಯದಕ್ಕೂ ನಡುವೆ 11 ವರ್ಷ ಕಳೆದವು.

ಹಾಗಾಗಿ ಮುಂದಿನ ಆಟದ ಟ್ರೇಲರ್ ಬಂದಾಗ ಡಾಂಟೆಯ ಕೋಟು, ಕೂದಲು ನೋಡಿ ತೀರ್ಪು ಕೊಡಬೇಡಿ. ಗಾಳಿಯಲ್ಲಿ ಶತ್ರುವನ್ನು ಎಷ್ಟು ಹೊತ್ತು ಹಿಡಿದಿಡಬಹುದು, ಒಂದು ಏಟಿನ ಮಧ್ಯೆ ಇನ್ನೊಂದಕ್ಕೆ ಹಾರಬಹುದಾ, ಅದನ್ನು ನೋಡಿ. ಕಥೆಯ ಹೊಣೆ ನೀರೋ ಹೊರಲಿ ಅಂತ ನನ್ನ ಆಸೆ. ಡಾಂಟೆ, ವರ್ಜಿಲ್ ಎಂಬ ಅಣ್ಣತಮ್ಮಂದಿರ ಜಗಳವನ್ನು ನಿಲ್ಲಿಸಿದವನು ಅವನೇ ಅಲ್ವಾ?

ಅಲ್ಲಿಯವರೆಗೆ ಮೂರನೆಯದನ್ನು ಆಡಿ. ನಿಂಟೆಂಡೊ ಸ್ವಿಚ್ ಗೇಮ್ ಯಂತ್ರ ಇದ್ದರೆ 2020ರ ಆವೃತ್ತಿಯನ್ನೇ ತೆಗೆದುಕೊಳ್ಳಿ. ಹೋರಾಟದ ಮಧ್ಯೆಯೇ ಸ್ಟೈಲ್ ಬದಲಾಯಿಸುವ ಸೌಲಭ್ಯ ಅದರಲ್ಲಿದೆ.