ಲ್ಯಾಪ್‌ಟಾಪ್‌ನಿಂದ ಆಂಪ್ಲಿಫೈಯರ್‌ಗೆ ಯಾವ ಕೇಬಲ್?

ದಾವಣಗೆರೆ, ಚಿತ್ರದುರ್ಗದ ಎಷ್ಟೋ ಮನೆಗಳಲ್ಲಿ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಇನ್ನೂ ಗಟ್ಟಿಮುಟ್ಟಾಗಿದೆ. ಹಾಡುಗಳು ಮಾತ್ರ ಲ್ಯಾಪ್‌ಟಾಪ್ ಸೇರಿವೆ. ಹೆಡ್‌ಫೋನ್ ತೂತಿನಿಂದ 3.5 ಎಂಎಂ ಕೇಬಲ್ ಎಳೆದರೆ ಹಾಡೇನೋ ಬರುತ್ತದೆ, ಜೊತೆಗೆ ತಂಬೂರಿಯ ಶ್ರುತಿಯಡಿಯಲ್ಲಿ ಗುಂಯ್ ಎನ್ನುವ ಸದ್ದೂ ಬರುತ್ತದೆ. ಹೊಸ ಕೇಬಲ್ ಕೊಳ್ಳುವ ಮೊದಲು ಆ ಸದ್ದಿನ ಮೂಲ ಹುಡುಕಿ.

ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಹಾಡು ಹಾಕಿ. ಸದ್ದು ನಿಂತರೆ ಅದು ಕರೆಂಟಿನ ದಾರಿಯಲ್ಲಿ ಬಂದದ್ದು, ಹೆಚ್ಚಾಗಿ ಗ್ರೌಂಡ್ ಲೂಪ್ (ಎರಡು ಉಪಕರಣಗಳ ಅರ್ಥಿಂಗ್ ಕೇಬಲ್ ಮೂಲಕ ಸೇರಿ ಆಗುವ ಸುತ್ತು). ಆಂಪ್ಲಿಫೈಯರ್, ಚಾರ್ಜರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಸದ್ದು ಬಂದರೆ, ಸ್ಕ್ವೇರ್‌ವೇವ್ ಇನ್ವರ್ಟರ್ ಮೇಲೆ ಅನುಮಾನ ಪಡಿ. ಸದ್ದು ಹೋಗುತ್ತದೆಂದು ಅರ್ಥಿಂಗ್ ಪಿನ್ ಮುರಿಯುವುದು ಮಾತ್ರ ಬೇಡವೇ ಬೇಡ, ಜೀವಕ್ಕೆ ಅಪಾಯ.

ಎರಡೂ ಕಡೆ ಆಪ್ಟಿಕಲ್ ಕಿಂಡಿ ಇದ್ದರೆ, ಲೂಪ್ ಕಡಿಯಲು ಆಪ್ಟಿಕಲ್ ಕೇಬಲ್ಲೇ ನಮ್ಮ ಆಯ್ಕೆ. ಅದರಲ್ಲಿ ಹೋಗುವುದು ಬೆಳಕು. ನಡುವೆ ತಾಮ್ರವಿಲ್ಲ, ಹಾಗಾಗಿ ಲೂಪ್ ಆಗುವುದೇ ಇಲ್ಲ. ತುದಿಯ ಪ್ಲಾಸ್ಟಿಕ್ ಟೋಪಿ ತೆಗೆದು ಚುಚ್ಚಿ, ಚೂಪಾಗಿ ಮಡಿಸಬೇಡಿ, 5 ಮೀಟರಿನೊಳಗೆ ಇರಲಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆದಿದೆ ಎಂಬುದು) 96 ಕಿಲೋಹರ್ಟ್ಸ್‌ವರೆಗೆ ಚಿಂತೆಯಿಲ್ಲ. 192ರಲ್ಲಿ ಹಾಡು ತುಂಡುತುಂಡಾದರೆ ಇಳಿಸಿ. ಸಿ.ಡಿ.ಯೇ 44.1 ತಾನೆ, ಕಳೆದುಕೊಳ್ಳುವುದೇನಿಲ್ಲ. ಇನ್ನೊಂದು ಡಿಜಿಟಲ್ ದಾರಿಯಾದ ಕೊಆಕ್ಸಿಯಲ್‌ಗೆ 75 ಓಮ್ ಕೇಬಲ್ ಬೇಕು. ಅದು ತಾಮ್ರವಾದ್ದರಿಂದ ಗುಂಯ್ ಹಾಗೇ ಉಳಿಯಬಹುದು.

ಇಂದಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಆಪ್ಟಿಕಲ್ ಕಿಂಡಿ ಇರುವುದಿಲ್ಲ. ಆಗ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ತನ್ನಿ. ವಿಂಡೋಸ್ 10ರ 2017ರ 1703 ಆವೃತ್ತಿಯಿಂದೀಚೆಗೆ ಹೆಚ್ಚಿನ ಡ್ಯಾಕ್‌ಗಳಿಗೆ ಬೇರೆ ಡ್ರೈವರ್ ಬೇಕಿಲ್ಲ. ಹಳೆಯ ವಿಂಡೋಸ್ ಇದ್ದರೆ ತಯಾರಕರ ಡ್ರೈವರ್ ಹಾಕಿ. ಕೇಬಲ್ 2 ಮೀಟರ್ ಸಾಕು. ಹಬ್ ಬಿಟ್ಟು ನೇರ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟಿಗೆ. ನಡುನಡುವೆ ಚಟಚಟ ಎಂದರೆ ಪ್ಲೇಯರ್‌ನಲ್ಲಿ ಬಫರ್ ಹೆಚ್ಚಿಸಿ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ಡ್ಯಾಕ್‌ನಿಂದ ಹೊರಡುವ ಕೆಂಪು-ಬಿಳಿ ಆರ್‌ಸಿಎ ಪಿನ್‌ಗಳು ಆಂಪ್ಲಿಫೈಯರ್‌ನ ಆಕ್ಸ್ ಅಥವಾ ಸಿ.ಡಿ. ತೂತಿಗೆ ಹೋಗಬೇಕು. ಫೋನೋ ತೂತಿಗಲ್ಲ. ಅದು ಗ್ರಾಮಫೋನ್ ಮುಳ್ಳಿನ ಸಣ್ಣ ಸಿಗ್ನಲ್‌ಗೆ ಮಾಡಿದ್ದು. ಹಾಡು ಒಡೆದುಹೋಗಿ ಬಾಸ್ ಉಬ್ಬುತ್ತದೆ. ‘ಡ್ಯಾಕ್ ಸರಿಯಿಲ್ಲ’ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಎವಿ ರಿಸೀವರ್ (ಟಿವಿ, ಸಿನಿಮಾಕ್ಕೂ ಬಳಸುವ ಆಂಪ್ಲಿಫೈಯರ್) ಇದ್ದರೆ ಎಚ್‌ಡಿಎಂಐ ಒಂದೇ ಸಾಕು. ಬ್ಲೂಟೂತ್ ಕೆಲಸ ಮಾಡುತ್ತಾ ಕೇಳಲು ಸರಿ. ಹಾಡನ್ನು ಕುಗ್ಗಿಸಿ ಕಳಿಸುವ ಅದರ ಸಾಮಾನ್ಯ ವಿಧಾನ ಎಸ್‌ಬಿಸಿ ಕೊಡುವುದು ಸುಮಾರು 328 ಕೆಬಿಪಿಎಸ್, ಸಿ.ಡಿ.ಯದು 1411.

ಕೊನೆಗೆ ಸೆಟ್ಟಿಂಗ್. ವಿಂಡೋಸ್ ಸೌಂಡ್‌ನಲ್ಲಿ ಡ್ಯಾಕ್ ಆರಿಸಿ, ಅಡ್ವಾನ್ಸ್ಡ್‌ನಲ್ಲಿ 44100 ಹರ್ಟ್ಸ್ ಇಡಿ. 48000 ಇದ್ದರೆ ಸಿ.ಡಿ. ಹಾಡನ್ನೆಲ್ಲ ವಿಂಡೋಸ್ ಬದಲಾಯಿಸಿ ಕಳಿಸುತ್ತದೆ. ಪ್ಲೇಯರ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ (ವಿಂಡೋಸ್ ಬದಲಾಯಿಸದಂತೆ ಹಾಡನ್ನು ನೇರ ಡ್ಯಾಕ್‌ಗೆ ಕಳಿಸುವ ಆಯ್ಕೆ) ಇದ್ದರೆ ಈ ಗೊಡವೆಯೂ ಇಲ್ಲ. ಆಂಪ್ಲಿಫೈಯರ್ ವಾಲ್ಯೂಮ್ ಪೂರ್ತಿ ಇಳಿಸಿ, ಕಂಪ್ಯೂಟರ್‌ನದು 100ಕ್ಕೆ ಏರಿಸಿ, ಆಮೇಲೆ ಆಂಪ್ಲಿಫೈಯರ್‌ನದನ್ನು ನಿಧಾನಕ್ಕೆ ತಿರುಗಿಸಿ.